ವರ್ಷದ ಕೆಳಗಿನ ಚುಕ್ಕಿ

ಹೊಸನಗರ ಪೇಟೆಯ ಒಂದು ದಿನಸಿ ಅಂಗಡಿ. ಅಡಿಕೆ ಕೊಯ್ಲಿನ ಕಾಲ. ಊರೆಲ್ಲ ತೋಟ, ಸುಲಿಗೆ, ಬೇಯಿಸುವ ಹಂಡೆ ಅಂತ ಓಡಾಡುವಾಗ ಮಧ್ಯಾಹ್ನ ಅಂಗಡಿಗೆ ಬರುವವರಿಲ್ಲ. ತಕ್ಕಡಿ ಪಕ್ಕದಲ್ಲಿ ಬ್ಯಾಂಕಿನಿಂದ ತಂದ ಚಿಲ್ಲರೆ ಪೊಟ್ಟಣಗಳು, ನೂರು ನೂರರವು. ಸಾಗರದ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಒಂದನ್ನು ಬಿಚ್ಚಿ ಹಳೇ ಪೇಪರಿನ ಮೇಲೆ ಸುರಿದುಕೊಂಡು, ಒಂದೊಂದೇ ರೂಪಾಯಿಯನ್ನು ಮೊಬೈಲ್ ಬೆಳಕಿಗೆ ಓರೆಯಾಗಿ ಹಿಡಿಯುತ್ತಿದ್ದಳು. ಗಲ್ಲಾಪೆಟ್ಟಿಗೆಯ ಹಿಂದೆ ಅಂಗಡಿಯವರು, ಎಂಬತ್ತರ ಹತ್ತಿರದವರು. ಬೆಂಚಿನ ಮೇಲೆ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದ ನಾನು ಮೂರನೆಯವನು; ನನ್ನನ್ನು ಯಾರೂ ಮಾತಿಗೆ ಕರೆಯಲಿಲ್ಲ.

ಅಂಗಡಿಯವರು: ಎಷ್ಟೊತ್ತು ಮಾರಾಯ್ತಿ! ನೂರು ಬಿಲ್ಲೆಗೆ ಇಷ್ಟು ಹೊತ್ತು ತಗಂಡ್ರೆ ಅಡಿಕೆ ಮಂಡಿಯವರು ನಿನ್ನ ಕೆಲಸಕ್ಕೆ ಇಟ್ಕೊಳ್ಳಲ್ಲ.

ಹುಡುಗಿ: ಎಣಿಸ್ತಿಲ್ಲ ಅಜ್ಜ, ಓದ್ತಿದೀನಿ.

ಅಂಗಡಿಯವರು: ಒಂದು ರೂಪಾಯಲ್ಲಿ ಓದಕ್ಕೆ ಎಂತ ಉಂಟು? ಆ ಕಡೆ ಸಿಂಹ, ಈ ಕಡೆ ಒಂದು, ಒಂದು ವರ್ಷ. ಮುಗೀತು.

ಹುಡುಗಿ: ವರ್ಷದ ಕೆಳಗೆ ನೋಡಿ. ಇದು 1997. ಕೊಳೆ ಕಟ್ಟಿತ್ತು, ಉಗುರಲ್ಲಿ ಕೆರೆದೆ.

ಅಂಗಡಿಯವರು: ಒಡೆದ ಸಾಸಿವೆ ಹಾಗೆ ಏನೋ ಉಂಟಪ್ಪ.

ಹುಡುಗಿ: ಅದು ವಜ್ರದ ಗುರುತು. ಮುಂಬೈ ಟಂಕಸಾಲೆದು. ನಕ್ಷತ್ರ ಇದ್ರೆ ಹೈದರಾಬಾದ್. ದುಂಡನೆ ಚುಕ್ಕಿ ಇದ್ರೆ ನೋಯ್ಡಾ; ಅಲ್ಲಿ ಕೆಲಸ ಶುರುವಾಗಿದ್ದೇ 1988ರಲ್ಲಿ. ಏನೂ ಇಲ್ದಿದ್ರೆ ಕೋಲ್ಕತ್ತಾ.

ಅಂಗಡಿಯವರು: ಏನೂ ಇಲ್ದಿದ್ರೆ ಕೋಲ್ಕತ್ತಾ ಅಂತಿ. ಸವೆದು ಹೋಗಿದ್ರೂ ಏನೂ ಇರಲ್ಲ. ಆಗ?

ಹುಡುಗಿ: ಆಗ ಅದು ವಾಪಸ್ ಪೊಟ್ಟಣಕ್ಕೆ. ವರ್ಷದ ಅಂಕಿ ಚೂಪಾಗಿದ್ದೂ ಕೆಳಗೆ ಬೋಳಾಗಿದ್ರೆ ಮಾತ್ರ ಕೋಲ್ಕತ್ತಾ ಅಂತ ಒಪ್ಪೋದು.

ಪ್ರಶ್ನೆ ಚೆನ್ನಾಗಿತ್ತು, ಉತ್ತರವೂ. ಮುದುಕರು ಅಷ್ಟಕ್ಕೆ ಬಿಡುವವರಲ್ಲ ಅಂತ ಆಗಲೇ ಗೊತ್ತಾಯಿತು.

ಅಂಗಡಿಯವರು: ಸರಿ, ಒಪ್ಪಿದೆ. ಒಪ್ಪಿ?

ಹುಡುಗಿ: ಈ ಫೈಲಿಗೆ. 1992ರಿಂದ 2004ರವರೆಗೆ ಒಂದೇ ಮಾದರಿ ಸ್ಟೀಲ್ ರೂಪಾಯಿ ಬಂತಲ್ಲ, ಎರಡೂ ಕಡೆ ತೆನೆ ಇರೋದು. 13 ವರ್ಷ, ನಾಲ್ಕು ಟಂಕಸಾಲೆ. 52 ಮನೆ. ರಟ್ಟಲ್ಲಿ ನಾನೇ ಕೊರೆದಿದ್ದು.

ಅಂಗಡಿಯವರು: ಇದೆಂತಕ್ಕೆ ಹೊಳೀತು ನಿಂಗೆ?

ಹುಡುಗಿ: ನ್ಯೂಜೆರ್ಸಿಯಲ್ಲಿ ಅಣ್ಣ ಇದಾನಲ್ಲ, ದೊಡ್ಡಪ್ಪನ ಮಗ. ಅಲ್ಲಿ ಲಿಂಕನ್ ಪೆನ್ನಿಗೆ ರೆಡಿ ಆಲ್ಬಮ್ ಸಿಗುತ್ತಂತೆ. 1909ರಿಂದ ವರ್ಷಕ್ಕೊಂದು ತೂತು, ಟಂಕಸಾಲೆಗೊಂದು ತೂತು. ಬ್ಯಾಂಕಿಗೆ ಹೋಗಿ 50 ಪೆನ್ನಿಯ ಪೇಪರ್ ಸುರುಳಿ ತರೋದು, ಮೇಜಿನ ಮೇಲೆ ಸುರಿಯೋದು, ಬೇಕಾದ್ದು ತೆಗೆದು ಬದಲಿ ಹಾಕಿ ಮತ್ತೆ ಸುತ್ತಿ ವಾಪಸ್ ಕೊಡೋದು. 1943ರದ್ದು ಸಿಕ್ರೆ ಹಬ್ಬ. ಯುದ್ಧಕ್ಕೆ ತಾಮ್ರ ಬೇಕು ಅಂತ ಆ ವರ್ಷ ಉಕ್ಕಲ್ಲಿ ಒತ್ತಿದ್ರು. ಮೊದಲನೇ ವರ್ಷದ್ದರಲ್ಲಿ, ಅಂದ್ರೆ 1909ರದ್ದರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಗೆ ಒತ್ತಿದ್ದೇ 4,84,000. ಅದು ಸುರುಳಿಯಲ್ಲಿ ಸಿಗಲ್ಲ ಅಂತ ಎಲ್ಲರಿಗೂ ಗೊತ್ತು, ಆದ್ರೂ ನೋಡ್ತಾರೆ.

ಅಂಗಡಿಯವರು: ಪೆನ್ನಿ ನಿಂತೇ ಹೋಯ್ತು ಅಂತ ಟೀವೀಲಿ ಬಂತಲ್ದಾ?

ಹುಡುಗಿ: ಹೌದು, ಒತ್ತೋದು ನಿಲ್ಸಿದ್ರು. 2025ರ ನವೆಂಬರ್ 12ಕ್ಕೆ ಫಿಲಡೆಲ್ಫಿಯಾದಲ್ಲಿ ಕೊನೇದು. 1793ರಿಂದ ನಡೆದು ಬಂದಿದ್ದು. ಒಂದು ಸೆಂಟಿನ ಬಿಲ್ಲೆ ಮಾಡಕ್ಕೆ ಮೂರೂವರೆ ಸೆಂಟಿಗಿಂತ ಜಾಸ್ತಿ ಖರ್ಚು ಬರ್ತಿತ್ತಂತೆ.

ಅಂಗಡಿಯವರು: ಅಷ್ಟು ಲೆಕ್ಕ ಗೊತ್ತಾಗಕ್ಕೆ ಅವರಿಗೆ ಇಷ್ಟು ವರ್ಷ ಬೇಕಾಯ್ತಾ! ನನ್ನ ಹತ್ರ ಕೇಳಿದ್ರೆ ನಾನೇ ಹೇಳ್ತಿದ್ದೆ. ಅದಿರಲಿ. ಅಲ್ಲಿ ಆಲ್ಬಮ್ ಮಾಡಿದವನು ಕಂಪನಿಯವನು. ತೂತು ಕೊರೆದು ಕೊಟ್ಟ, ಜನ ತುಂಬ್ತಾರೆ. ತೂತಿಲ್ದಿದ್ರೆ ಯಾರಿಗೂ ಅದು ಬೇಕು ಅಂತಲೇ ಅನಿಸ್ತಿರಲಿಲ್ಲ. ಬಯಕೆ ನಿಂದಲ್ಲ, ರಟ್ಟಿಂದು.

ಹುಡುಗಿ: ನನ್ನ ರಟ್ಟು ನಾನೇ ಕೊರೆದೆ ಅಂದ್ನಲ್ಲ.

ಅಂಗಡಿಯವರು: ಅಣ್ಣನ ನೋಡಿ ಕೊರೆದೆ. ನಮ್ಮ ಊರಲ್ಲಿ ನಾಣ್ಯ ಇಲ್ವಾ? ಕೆಳದಿಗೆ ಹೋಗು, ಸಾಗರದ ಮಗ್ಗುಲಲ್ಲೇ ಉಂಟು. ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಮ್ಯೂಸಿಯಂ. ಈಗ ಕುವೆಂಪು ವಿಶ್ವವಿದ್ಯಾಲಯದ ಕೈಲಿ ಉಂಟು. ನಾಣ್ಯ ಅಂದ್ರೆ ಅಲ್ಲಿಂದು. ಚಿನ್ನದ ಇಕ್ಕೇರಿ ವರಹ ಒಂದು ಕಾಲದಲ್ಲಿ ಘಟ್ಟದ ಕೆಳಗೂ ನಡೀತಿತ್ತು. ಒಂದು ಕಡೆ ಶಿವ ಪಾರ್ವತಿ ಕೂತಿದಾರೆ, ಇನ್ನೊಂದು ಕಡೆ ಶ್ರೀ ಸದಾಶಿವ ಅಂತ ನಾಗರಿ ಅಕ್ಷರ.

ಹುಡುಗಿ: ನೋಡಿದೀನಿ. ಆದ್ರೆ ಅದಕ್ಕೆ ಆಲ್ಬಮ್ ಮಾಡಕ್ಕಾಗಲ್ಲ ಅಜ್ಜ. ವರ್ಷವೇ ಇಲ್ಲ. ಸದಾಶಿವ ನಾಯಕ 16ನೇ ಶತಮಾನದವನು. ಅವನಾದ ಮೇಲೆ ಬಂದವರೂ ವರಹದ ಮೇಲೆ ಅವನ ಹೆಸರನ್ನೇ ಇಟ್ಟುಕೊಂಡ್ರು. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಬಂದ ಮೇಲೂ ಜನ ಅದನ್ನ ಇಕ್ಕೇರಿ ವರಹ ಅಂತಲೇ ಕರೆದ್ರು. ಯಾವ ವರಹ ಯಾರ ಕಾಲದ್ದು ಅಂತ ಬಿಡಿಸೋದು ವಿದ್ವಾಂಸರಿಗೇ ಕಷ್ಟ.

ಅಂಗಡಿಯವರು: ಬೇಕಾಗಿದ್ದೇ ಅದು! ವ್ಯಾಪಾರ ಮಾಡೋರಿಗೆ ರಾಜ ಯಾರಾದ್ರೆ ಎಂತ? ಚಿತ್ರ ಒಂದೇ ಇರ್ಬೇಕು, ತೂಕ ಒಂದೇ ಇರ್ಬೇಕು. 1763ರಲ್ಲಿ ಹೈದರಾಲಿ ಬಿದನೂರು ತಗೊಂಡ, ಹೆಸರನ್ನೂ ಹೈದರ್‌ನಗರ ಅಂತ ಮಾಡ್ದ. ಇಲ್ಲೇ, ನಮ್ಮ ನಗರ. ಆದ್ರೆ ವರಹದ ಮೇಲಿನ ಶಿವ ಪಾರ್ವತಿಯನ್ನ ತೆಗೆದನಾ? ಇಲ್ಲ. ಹಿಂದೆ ತನ್ನ ಹೆಸರಿನ ಮೊದಲನೇ ಪಾರ್ಸಿ ಅಕ್ಷರ ಒಂದು ಹಾಕಿದ, ಅಷ್ಟೆ. ಅವನಿಗೆ ಗಿರಾಕಿ ಗೊತ್ತಿತ್ತು.

ಹುಡುಗಿ: ಮಗನಿಗೆ ಗೊತ್ತಿರಲಿಲ್ವಾ? ಟಿಪ್ಪು ತಾಮ್ರದ ಕಾಸಿನ ಮೇಲೆ ಆನೆ ಹಾಕಿದ. ಹಿಂದೆ ಟಂಕಸಾಲೆ ಹೆಸರು ಬರೆಸಿದ. ಪಟ್ಟಣ, ನಗರ, ಹೀಗೆ. ವರ್ಷವನ್ನೂ ಹಾಕಿಸಿದ. ಆಮೇಲೆ ತಂದ ಮೌಲೂದಿ ಲೆಕ್ಕದಲ್ಲಿ ಅಂಕಿಯನ್ನ ಬಲದಿಂದ ಎಡಕ್ಕೆ ಓದ್ಬೇಕು. ನಾನು ಇಲ್ಲಿ ಹುಡುಕ್ತಿರೋದು ಅದನ್ನೇ: ಎಲ್ಲಿ ಒತ್ತಿದ್ರು, ಯಾವಾಗ ಒತ್ತಿದ್ರು. ನ್ಯೂಜೆರ್ಸಿಯಿಂದ ಕಲೀಬೇಕಾಗಿಲ್ಲ. ನಿಮ್ಮ ಅಂಗಡಿಯಿಂದ ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿ ಅದು ನಡೆದಿತ್ತು.

ಇಲ್ಲಿ ಅವಳು ಜಾಣತನದಿಂದ ಹಿಂದಿನ ಏಟಿನಿಂದ ತಪ್ಪಿಸಿಕೊಂಡಳು ಅನ್ನುವುದು ನನ್ನ ಅನಿಸಿಕೆ. ಬಯಕೆ ರಟ್ಟಿನದು ಅಂದಿದ್ದಕ್ಕೆ ಟಿಪ್ಪು ಉತ್ತರವಾಗುವುದಿಲ್ಲ. ಅಂಗಡಿಯವರು ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಬಿಟ್ಟರು. ಅವರಿಗೆ ನೆನಪೊಂದು ನುಗ್ಗಿ ಬಂದಿತ್ತು.

ಅಂಗಡಿಯವರು: ಬದಲಾಯಿಸಿದ್ರೆ ಏನಾಗ್ತದೆ ಅಂತ ನಾ ನೋಡಿದೀನಿ. 1957, ಏಪ್ರಿಲ್ ಒಂದನೇ ತಾರೀಕು. ನನಗೆ ಹತ್ತು ವರ್ಷ. ಅಪ್ಪ ಇದೇ ಗೋಡೆ ಮೇಲೆ ಕೋಷ್ಟಕ ಅಂಟಿಸಿದ್ರು. ಒಂದಾಣೆಗೆ 6 ನಯಾ ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಕಾಣೆಗೆ 25. ನೋಡು ಅದರ ಮಜಾ! ಮೂರಾಣೆ ಬೆಲ್ಲ ಒಟ್ಟಿಗೆ ತಗಂಡವ 19 ಕೊಡ್ಬೇಕು. ಒಂದೊಂದಾಣೆ ಅಂತ ಮೂರು ಸಲ ತಗಂಡವ 18 ಕೊಟ್ರೆ ಸಾಕು. ಒಬ್ಬಳು ಅಜ್ಜಿ ಇದನ್ನ ಹಿಡಿದುಬಿಟ್ಲು. ಒಂದು ಸಲ ತಗೊಳ್ಳೋದು, ಜಗಲಿ ಇಳಿಯೋದು, ಮತ್ತೆ ಹತ್ತಿ ಬರೋದು. ಅಪ್ಪ ಬೈಯೋ ಹಾಗೂ ಇಲ್ಲ, ಲೆಕ್ಕ ಅವಳದ್ದೇ ಸರಿ.

ಹುಡುಗಿ: ಅಜ್ಜಿ ನನ್ನ ಕಡೆ. ಅವಳು ಬಿಲ್ಲೆಯನ್ನ ನೋಡಿ ಕೊಟ್ಟವಳು. ನೀವೆಲ್ಲ ನೋಡದೆ ಕೊಡೋರು, ನೋಡದೆ ತಗೊಳ್ಳೋರು. ಅದಕ್ಕೇ ಹತ್ತು ರೂಪಾಯಿ ಗಲಾಟೆ ಆಗಿದ್ದು.

ಅಂಗಡಿಯವರು: ಅದು ಗಾಳಿ ಸುದ್ದಿ ಮಾರಾಯ್ತಿ. ನಾನೊಬ್ಬನೇ ಅಲ್ಲ, ಇಡೀ ಪೇಟೆ ನಂಬಿತ್ತು.

ಹುಡುಗಿ: 15 ಗೆರೆ ಇದ್ದದ್ದು ನಕಲಿ, 10 ಗೆರೆ ಇದ್ದದ್ದು ಅಸಲಿ ಅಂತ. ರೂಪಾಯಿ ಚಿಹ್ನೆ ಇಲ್ದಿದ್ರೆ ನಕಲಿ ಅಂತ. ಚಿಹ್ನೆ ನಾಣ್ಯದ ಮೇಲೆ ಬಂದಿದ್ದೇ 2011ರಲ್ಲಿ. ಅದಕ್ಕೂ ಹಿಂದಿನ ನಾಣ್ಯದಲ್ಲಿ ಅದು ಹೇಗೆ ಇರುತ್ತೆ? ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಹೇಳ್ಬೇಕಾಯ್ತು: ಹತ್ತರ ನಾಣ್ಯ 14 ವಿನ್ಯಾಸದಲ್ಲಿ ಬಂದಿದೆ, ಎಲ್ಲವೂ ನಡೆಯುತ್ತೆ ಅಂತ. ವರ್ಷ ಓದೋ ಒಬ್ಬರು ಪೇಟೆಯಲ್ಲಿ ಇದ್ದಿದ್ರೆ ರಿಸರ್ವ್ ಬ್ಯಾಂಕ್ ಬೇಕಾಗ್ತಿರಲಿಲ್ಲ.

ಅಂಗಡಿಯವರು: 14 ವಿನ್ಯಾಸ ಮಾಡಿದವನನ್ನ ಬಿಟ್ಟು ನನಗೆ ಹೇಳ್ತಿಯಲ್ಲ. ನಾಯಕರ ಕಾಲದಲ್ಲಿ ಈ ಗೋಳಿತ್ತಾ? ಒಂದು ರೂಪಾಯಿದೂ ಎರಡು ರೂಪಾಯಿದೂ ಹೆಚ್ಚು ಕಡಿಮೆ ಒಂದೇ ಹಾಗೆ ಮಾಡಿದ್ರು ನೋಡು ಒಂದು ಸಲ, ಒಂದಕ್ಕೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಕರೆಂಟ್ ಹೋದ್ರೆ ಮುಗೀತು. ಹಳೇ ಎರಡು ರೂಪಾಯಿ ಹನ್ನೊಂದು ಮೂಲೆದು, ಜೇಬಲ್ಲೇ ಗೊತ್ತಾಗ್ತಿತ್ತು. ನಿನ್ನಂಥವರಿಗೆ ಹೊಸ ಹೊಸ ಚಿತ್ರ ಬೇಕು, ಆಲ್ಬಮ್ ತುಂಬಕ್ಕೆ. ನಮಗೆ ಕೈಗೆ ಗೊತ್ತಾದ್ರೆ ಸಾಕು.

ಹುಡುಗಿ: ಹಾಗಂತ ನಿಮಗೆ ಬಸವಣ್ಣನ ಐದು ರೂಪಾಯಿ ಬಂದ್ರೆ ಗಲ್ಲಾಕ್ಕೆ ಹಾಕ್ತೀರಾ? 2006ರದ್ದು.

ಅಂಗಡಿಯವರು: ಬಂದಿತ್ತು. ದೇವರ ಗೂಡಲ್ಲಿ ಇಟ್ಟಿದೀನಿ. ಅದು ಬೇರೆ.

ಹುಡುಗಿ: ಹೇಗೆ ಬೇರೆ?

ಅಂಗಡಿಯವರು: ಅದು ಬಸವಣ್ಣ. ನಿನ್ನದು ಚುಕ್ಕಿ.

ಇದಕ್ಕೆ ಅವಳು ನಕ್ಕಳು, ವಾದಿಸಲಿಲ್ಲ. ಒಬ್ಬರು ಕಂಡಕ್ಟರ್ ಬಂದು ಐನೂರರ ನೋಟಿಗೆ ಎರಡು ಪೊಟ್ಟಣ ಚಿಲ್ಲರೆ ಮತ್ತು ಉಳಿದಿದ್ದಕ್ಕೆ ನೋಟು ಹಿಡಿದುಕೊಂಡು ಹೋದರು. ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಅಂಗಡಿಯವರು: ನೋಡಿದ್ಯಾ? ಅವರಿಗೆ ಬೇಕು ಚಿಲ್ಲರೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ಟೇ ಇಲ್ಲ. ಇಲ್ಲಿ ಇನ್ನೂ ನಾಕು ರೂಪಾಯಿ ಕೊಡಿ, ಮೂರು ರೂಪಾಯಿ ತಗೊಳ್ಳಿ ಅಂತ ನಡೀತದೆ. ಅಂಥ ಬಿಲ್ಲೆಯನ್ನ ನೀನು ಎತ್ತಿ ರಟ್ಟಿಗೆ ಸಿಕ್ಕಿಸಿದ್ರೆ ಅದು ಮತ್ತೆ ಯಾರ ಕೈಗೂ ಬರಲ್ಲ. ಓಡಾಡೋ ದುಡ್ಡನ್ನ ಕಟ್ಟಿ ಹಾಕೋದು ಎಂತ ಹವ್ಯಾಸ?

ಹುಡುಗಿ: ಒಂದು ತೆಗೆದ್ರೆ ಒಂದು ಹಾಕ್ತೀನಿ. ನಿಮ್ಮ ನೂರು ನೂರೇ ಇರುತ್ತೆ. ಬೆಲೆ ಮುಖಬೆಲೆಯೇ. ಒಂದು ಪೈಸೆ ಜಾಸ್ತಿ ಕೊಟ್ಟು ಯಾವ ನಾಣ್ಯವನ್ನೂ ತಗೊಳ್ಳಲ್ಲ ಅನ್ನೋದು ನನ್ನ ನಿಯಮ. ಮತ್ತೆ ಕಟ್ಟಿ ಹಾಕೋ ಮಾತು ಹೇಳಿದ್ರಿ. ಕೆಳದಿ ಮ್ಯೂಸಿಯಮ್ಮಿಗೆ ವರಹ ಎಲ್ಲಿಂದ ಬಂತು? ಯಾರೋ ತೆಗೆದಿಟ್ಟಿದ್ದು, ಹೂತಿಟ್ಟಿದ್ದು ಉಳೀತು. ಓಡಾಡಿದ್ದೆಲ್ಲ ಕರಗಿ ಹೋಯ್ತು. ಬಳೆ ಆಯ್ತು, ಕಾಸಿನ ಸರ ಆಯ್ತು.

ಅಂಗಡಿಯವರು: ಅವರು ಹೂತಿಟ್ಟದ್ದು ಹೆದರಿಕೆಗೆ. ದಂಡು ಬರ್ತದೆ, ಊರು ಬಿಡ್ಬೇಕು ಅಂತ. 52 ತೂತು ತುಂಬಕ್ಕಲ್ಲ. ಅದನ್ನ ಅಗೆಯೋರೂ ಉಂಟು ಇಲ್ಲಿ. ನಿಧಿ ಆಸೆಗೆ ಕೋಟೆ ಗೋಡೆ ಕೆಡವಿ, ಲಿಂಗ ಎತ್ತಿ ಪಕ್ಕಕ್ಕಿಟ್ಟು ಗುಂಡಿ ತೋಡಿದವರು. ಹತ್ತು ರೂಪಾಯಿಗಿಂತ ಜಾಸ್ತಿದು ನೆಲದಲ್ಲಿ ಸಿಕ್ರೆ ಸರ್ಕಾರಕ್ಕೆ ತಿಳಿಸ್ಬೇಕು ಅಂತ 1878ರಿಂದ ಕಾನೂನುಂಟು. ಯಾರು ಕೇಳ್ತಾರೆ? ಹುಡುಕೋ ಹುಚ್ಚು ಅಲ್ಲಿಗೇ ಹೋಗಿ ಮುಟ್ಟೋದು.

ಹುಡುಗಿ: ನನ್ನ ಹುಡುಕಾಟಕ್ಕೆ ಹಾರೆ ಬೇಡ, ಅಜ್ಜ. ನೂರು ರೂಪಾಯಿ ತಗೊಂಡು ನೂರು ರೂಪಾಯಿ ಕೊಡೋದಕ್ಕೆ ನಿಧಿ ಅಂತಾರಾ? ನಷ್ಟವೇ ಇಲ್ಲದ ಆಟ ಇದು. ಸೋತ್ರೂ ನನ್ನ ಕೈಯಲ್ಲಿ ನೂರು ರೂಪಾಯಿ ಇರುತ್ತೆ.

ಅಂಗಡಿಯವರು: ನಷ್ಟ ಹೊತ್ತಿಂದು.

ಹುಡುಗಿ: ನೀವು ಬೆಳಿಗ್ಗೆಯಿಂದ ಎಷ್ಟು ಗಿರಾಕಿಗೆ ಕೊಟ್ರಿ?

ಅಂಗಡಿಯವರು: ಅದು ಬಿಡು. ಎಷ್ಟು ಮನೆ ತುಂಬಿತು ನಿನ್ನದು?

ಹುಡುಗಿ: ಮುಂಬೈ ಸಾಲು ಬೇಗ ತುಂಬ್ತು, ಹೈದರಾಬಾದ್ ಆಮೇಲೆ. ಕೋಲ್ಕತ್ತಾ ಬರುತ್ತೆ, ಅದನ್ನ ನಂಬೋದೇ ಕಷ್ಟ. ನೋಯ್ಡಾ ಸಾಲಲ್ಲಿ ಖಾಲಿ ಜಾಸ್ತಿ. ಆದ್ರೆ ತಮಾಷೆ ಏನು ಗೊತ್ತಾ? ಎಲ್ಲ ಟಂಕಸಾಲೆಯೂ ಎಲ್ಲ ವರ್ಷವೂ ಒಂದು ರೂಪಾಯಿ ಒತ್ತಿರ್ಲೇಬೇಕು ಅಂತಿಲ್ಲ. ಅಣ್ಣನ ಆಲ್ಬಮ್ಮಿನಲ್ಲಿ ಇರೋ ನಾಣ್ಯಕ್ಕೆ ಮಾತ್ರ ತೂತು. ನನ್ನ ರಟ್ಟಲ್ಲಿ ಹುಟ್ಟದೇ ಇರೋ ನಾಣ್ಯಕ್ಕೂ ತೂತು ಇರಬಹುದು.

ಅಂಗಡಿಯವರು: ಯಾವುದು ಹುಟ್ಟಿಲ್ಲ ಅಂತ ಪುಸ್ತಕ ಇಲ್ವಾ?

ಹುಡುಗಿ: ಇದೆ. ಕ್ಯಾಟಲಾಗ್ ಇದೆ, ಮೊಬೈಲಲ್ಲೇ ಸಿಗುತ್ತೆ. ನಾನು ನೋಡಿಲ್ಲ.

ಅಂಗಡಿಯವರು: ಎಂತಕ್ಕೆ?

ಹುಡುಗಿ: ನೋಡಿದ್ರೆ ಆ ಮನೆ ಸತ್ತುಹೋಗುತ್ತೆ. ಈಗ ಪ್ರತಿ ಪೊಟ್ಟಣ ಬಿಚ್ಚುವಾಗಲೂ ಎಲ್ಲ ಮನೆಗೂ ಆಸೆ ಇರುತ್ತೆ.

ಅಂಗಡಿಯವರು: ಸಿಕ್ಕಿಬಿದ್ದೆ ನೋಡು! ಇಷ್ಟೊತ್ತು ಓದ್ತೀನಿ, ತಿಳ್ಕೊಳ್ತೀನಿ, ಹತ್ತು ರೂಪಾಯಿ ಗಲಾಟೆ ನಾನಿದ್ರೆ ಆಗ್ತಿರಲಿಲ್ಲ ಅಂದೆ. ತಿಳ್ಕೊಳ್ಳೋ ಪುಸ್ತಕ ಕೈಲೇ ಉಂಟು, ತೆಗೆಯಲ್ಲ ಅಂತಿ. ನಿಂಗೆ ಬೇಕಾಗಿರೋದು ತಿಳಿವಳಿಕೆ ಅಲ್ಲ, ಕಾಯೋದು. ಆ ಬಸ್ಸು ಈವತ್ತು ಇಲ್ಲ ಅಂತ ಬೋರ್ಡ್ ಹಾಕಿದಾರೆ, ಇವಳು ಬೋರ್ಡ್ ಓದದೆ ನಿಲ್ದಾಣದಲ್ಲಿ ಕೂತಿದಾಳೆ.

ನಾನು ಯಾಕೋ ನನ್ನ ಬಸ್ಸಿನ ದಾರಿ ನೋಡಿದೆ.

ಹುಡುಗಿ: ಪುಸ್ತಕವೂ ಪೂರ್ತಿ ಸರಿ ಇರಲ್ಲ. 1985ರಲ್ಲಿ ಚಿಲ್ಲರೆ ಸಾಲದೆ ಒಂದು ರೂಪಾಯಿ ಬ್ರಿಟನ್ನಲ್ಲಿ ಒತ್ತಿಸಿದ್ರು. ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆದರಲ್ಲಿ ವರ್ಷದ ಕೆಳಗೆ ಎಚ್ ಅಕ್ಷರ ಇರುತ್ತೆ. ಅದು ನಂಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ. ಸಿಗಂದೂರಿಗೆ ಹೋಗುವಾಗ ಅಮ್ಮ ಹುಂಡಿಗೆ ಅಂತ ಕೊಟ್ಟ ಚಿಲ್ಲರೆಯಲ್ಲಿ. ಇದೇನಪ್ಪ ಅಂತ ತಲೆ ಕೆಡಿಸಿಕೊಂಡು ಆಮೇಲೆ ಹುಡುಕಿದ್ದು. ಮೊದಲೇ ಓದಿದ್ರೆ ಅದು ಬರೀ ಇನ್ನೊಂದು ಮನೆ ಆಗಿರ್ತಿತ್ತು.

ಅಂಗಡಿಯವರು: ಹುಂಡಿಗೆ ಹಾಕಿದ್ಯೋ ಇಲ್ವೋ?

ಹುಡುಗಿ: ಬೇರೆ ರೂಪಾಯಿ ಹಾಕ್ದೆ.

ಅಂಗಡಿಯವರು: ಅದೂ ಬದಲಿ! 85 ನಂಗೆ ನೆನಪುಂಟು. ಚಿಲ್ಲರೆ ಇಲ್ದೆ ಪೆಪ್ಪರಮಿಂಟು ಕೊಟ್ಟು ಕಳಿಸಿದ ಕಾಲ. ಆಗ ಅಷ್ಟು ಬರ. ಈಗ ನೋಡು, ಎರಡು ರೂಪಾಯಿ ಬೆಂಕಿಪೆಟ್ಟಿಗೆಗೂ ಮೊಬೈಲ್ ಎತ್ತಿ ಫೋಟೋ ಹೊಡೀತಾರೆ. ಸಿಗಂದೂರಿಗೆ ಲಾಂಚ್ ಇದ್ದಾಗ ಕೈಯಲ್ಲಿ ಚಿಲ್ಲರೆ ಹಿಡ್ಕೊಂಡು ಸಾಲಲ್ಲಿ ನಿಲ್ತಿದ್ರು. 2025ರ ಜುಲೈಗೆ ಸೇತುವೆ ಆಯ್ತು, ಆ ಚಿಲ್ಲರೆಯೂ ಹೋಯ್ತು. ಇನ್ನು ಬಿಲ್ಲೆ ಓಡಾಡೋದು ಹುಂಡಿಯಿಂದ ಬ್ಯಾಂಕಿಗೆ, ಬ್ಯಾಂಕಿಂದ ನನಗೆ, ನನ್ನಿಂದ ಕಂಡಕ್ಟರಿಗೆ, ಅವನಿಂದ ತಿರುಗಿ ಹುಂಡಿಗೆ. ಅದದೇ ಬಿಲ್ಲೆ ಸುತ್ತಿ ಸುತ್ತಿ ಬರ್ತದೆ. ನೀನು ವಾಪಸ್ ಹಾಕಿದ್ದೇ ಮತ್ತೆ ನಿನ್ನ ಪೊಟ್ಟಣಕ್ಕೆ ಬಂದು ಬೀಳ್ತದೆ. ನಿನ್ನ ನೋಯ್ಡಾ ಎಲ್ಲಿಂದ ಬರ್ಬೇಕು?

ಇಷ್ಟು ಹೊತ್ತಿನ ಮಾತಿನಲ್ಲಿ ಅವಳು ಸುಮ್ಮನಾದದ್ದು ಇದೊಂದಕ್ಕೇ. ಪೇಪರಿನ ಮೇಲೆ ಉಳಿದ ಬಿಲ್ಲೆಗಳನ್ನು ಬೆರಳಿನಿಂದ ಹರವಿದಳು.

ಹುಡುಗಿ: ತೀರ್ಥಹಳ್ಳಿಯಿಂದ. ಎಳ್ಳಮಾವಾಸ್ಯೆ ಜಾತ್ರೆಗೆ ಹೊರಗಿನ ಜನ ಬರ್ತಾರೆ, ಅವರ ಜೇಬಲ್ಲಿ ಬೇರೆ ಊರಿನ ಚಿಲ್ಲರೆ ಇರುತ್ತೆ. ಸಾಗರದ ಮಾರಿ ಜಾತ್ರೆಗೂ ಹಾಗೇ.

ಅಂಗಡಿಯವರು: ತೀರ್ಥಹಳ್ಳೀಲಿ ಅರ್ಧ ಜನ ಅದನ್ನ ಸೇತುವೆ ಮೇಲಿಂದ ತುಂಗೆಗೆ ಎಸೀತಾರೆ.

ಹುಡುಗಿ: ಉಳಿದರ್ಧ ಸಾಕು ನಂಗೆ.

ಅಂಗಡಿಯವರು: ಇಷ್ಟೆಲ್ಲ ಯಾಕೆ, ಬೆಂಗಳೂರಲ್ಲಿ ನಾಣ್ಯದ ಮೇಳ ಆಗ್ತದಂತಲ್ಲ. ಅಲ್ಲಿ ಐವತ್ತೋ ನೂರೋ ಕೊಟ್ರೆ ಇಡೀ ಸಾಲು ಕೊಡ್ತಾರೆ.

ಹುಡುಗಿ: ಒಂದು ರೂಪಾಯಿಗೆ ಐವತ್ತು ಕೊಟ್ಟು ಬಂದ್ರೆ ನೀವೇ ಒಂದು ವರ್ಷ ನಗ್ತೀರ. ಮತ್ತೆ ತಂದು ಸಿಕ್ಕಿಸಿದ್ರೆ ನಂಗೆ ಏನು ಉಳೀತು? ಅಂಗಡಿಯವನು ಹುಡುಕಿದ್ದು ಅದು.

ಅಂಗಡಿಯವರು: ಹಂಗಾದ್ರೆ ಹುಡುಕಿದ್ದು ಮುಖ್ಯ, ಸಿಕ್ಕಿದ್ದಲ್ಲ. ಸಿಕ್ಕಿದ್ದನ್ನ ವಾಪಸ್ ಹಾಕು ನೋಡಾಣ. ವರ್ಷ ಬರ್ಕೋ, ಬಿಲ್ಲೆ ಬಿಡು.

ಹುಡುಗಿ: ಅದಾಗಲ್ಲ.

ಅಂಗಡಿಯವರು: ಯಾಕೆ?

ಹುಡುಗಿ: ಗೊತ್ತಿಲ್ಲ. ಆಗಲ್ಲ ಅಷ್ಟೆ. ಬಸವಣ್ಣನ್ನ ನೀವು ಗಲ್ಲಾಕ್ಕೆ ಹಾಕಿ ಮೊದಲು.

ಅಂಗಡಿಯವರು ಮಾತಾಡದೆ ಪೊಟ್ಟಣ ಕಟ್ಟುವ ರಬ್ಬರ್ ಬ್ಯಾಂಡ್ ಹುಡುಕತೊಡಗಿದರು. ಅವಳ ಕಣ್ಣು ಅವರ ಹಿಂದಿನ ಕಪಾಟಿನ ಮೇಲಿದ್ದ ಹಾರ್ಲಿಕ್ಸ್ ಡಬ್ಬಿಗೆ ಹೋಯಿತು.

ಹುಡುಗಿ: ಅದರಲ್ಲೇನಿದೆ?

ಅಂಗಡಿಯವರು: ಎಂಟಾಣೆ. ನಾಕಾಣೆಯನ್ನ 2011ರಲ್ಲಿ ಸರ್ಕಾರ ನಿಲ್ಸಿತು, ಎಂಟಾಣೆಯನ್ನ ಜನ ನಿಲ್ಸಿದ್ರು.

ಹುಡುಗಿ: ಕಾನೂನಲ್ಲಿ ಐವತ್ತು ಪೈಸೆ ಈಗಲೂ ನಡೆಯುತ್ತೆ. ಹತ್ತು ರೂಪಾಯಿ ತನಕ ಬೇಡ ಅನ್ನೋ ಹಾಗಿಲ್ಲ.

ಅಂಗಡಿಯವರು: ಕಾನೂನನ್ನ ಗಿರಾಕಿಗೆ ಹೇಳು. ಅಂಗಡಿಗೆ ಬಂದದ್ದೆಲ್ಲ ಅದರಲ್ಲಿ ಬಿದ್ದಿದೆ. ಯಾರೂ ತಗೊಳ್ಳಲ್ಲ.

ಹುಡುಗಿ: ಓಡಾಡೋ ದುಡ್ಡನ್ನ ಕಟ್ಟಿ ಹಾಕಿದ್ದು ಯಾರು ಈಗ? ಕೊಡಿ, ನೋಡ್ತೀನಿ. ಬೇಕಾದ್ದು ತಗೊಂಡು ದುಡ್ಡು ಕೊಡ್ತೀನಿ.

ಅಂಗಡಿಯವರು: ಒಂದಕ್ಕೆ ಎರಡು ರೂಪಾಯಿ.

ಹುಡುಗಿ: ಮುಖಬೆಲೆಗಿಂತ ಜಾಸ್ತಿ ಕೊಡಲ್ಲ ಅನ್ನೋದು ನನ್ನ ನಿಯಮ ಅಂತ ಹೇಳಿದೀನಿ.

ಅಂಗಡಿಯವರು: ನಿಯಮ ನಿಂದು. ಡಬ್ಬಿ ನಂದು.